ಎಲ್ಲರ ಕುರ್ಚಿಯಲ್ಲೂ ಕೂತೆದ್ದ ಸಾಹೇಬರು

ಹೋದ ವಾರ ಮಣ್ಣೂರಿನಿಂದ ಫೋನು ಬಂತು. ನಿವೃತ್ತರಾಗಿ ಊರು ಸೇರಿರುವ ನಮ್ಮ ಹಳೆಯ ಸಾಹೇಬರದು. ಆರಾಮಿದ್ದೀರಾ ಎಂದು ಕೇಳುವುದಕ್ಕೂ ಬಿಡದೆ ನೇರ ವಿಷಯಕ್ಕೇ ಬಂದರು.

"ವಕೀಲ್ರ, ಎಮ್ಮಿ ಮಾರಿ ತಿರುಗಿಸಿ ಕಟ್ಟೇನಿ. ಮೊದಲ ಗ್ವಾಡಿ ಕಡಿ ಮಾರಿ ಇತ್ತು. ಈಗ ಹೊಳಿ ಕಡಿ ಮಾಡೇನಿ. ಹಾಲು ಹೆಚ್ಚಾಗ್ಯಾವ."

"ಮೇವು ಮೊದಲಿಂದೇ ಅದ ಏನ್ರಿ ಸರ್?"

ಭೀಮಾ ದಂಡೆಯ ಗಾಳಿ ಫೋನಿನೊಳಗೆ ಬುಸುಗುಡುತ್ತಿತ್ತು.

"ಹಿಂಡಿ ಜರಾ ಬದಲ್ ಆಗ್ಯಾದ," ಅಂದರು, ಸಿಕ್ಕಿಬಿದ್ದ ಕಳ್ಳನ ದನಿಯಲ್ಲಿ.

"ಹಂಗಾದ್ರ ಹಾಲು ಹೆಚ್ಚು ಮಾಡಿದ್ದು ಹೊಳಿನೋ ಹಿಂಡಿನೋ?"

"ಎಮ್ಮಿಗೇ ಕೇಳಿ ಹೇಳ್ತೇನಿ," ಎಂದು ನಕ್ಕು ಫೋನಿಟ್ಟರು.

ನಾನು ವಕೀಲನಲ್ಲ. ಜೇವರ್ಗಿಯ ಒಂದು ಸರ್ಕಾರಿ ಕಚೇರಿಯಲ್ಲಿ, ಕಿಟಕಿಯಾಚೆ ನಿಂತ ಜನರಿಂದ ಅರ್ಜಿ ಪಡೆದು ಕಂಪ್ಯೂಟರಿಗೆ ಏರಿಸುವವನು. ಯಾವ ಇಲಾಖೆ ಎಂದು ಹೇಳುವುದಿಲ್ಲ. ಹೇಳಿದರೆ ಓದುವವರು ಅದರ ಮೇಲಿರುವ ತಮ್ಮ ಹಳೆಯ ಸಿಟ್ಟನ್ನೆಲ್ಲ ಈ ಬರಹದೊಳಗೆ ತಂದು ಸುರಿಯುತ್ತಾರೆ. ಕಲಬುರಗಿಯಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆ ನನ್ನ ಹುಚ್ಚಾಗಿತ್ತು. ಯಾರೇ ಏನೇ ಹೇಳಿದರೂ ಅದರಲ್ಲಿ ತೂತು ಎಲ್ಲಿದೆ ಎಂದು ಮೊದಲು ಹುಡುಕುವುದು, ತೂತು ಸಿಕ್ಕ ಮೇಲೆ ಅವರ ಮುಖ ನೋಡುವುದು. ಈ ಗುಣದಿಂದ ನನಗೆ ಒಂದಷ್ಟು ಪದಕಗಳು ಬಂದವು, ಹೆಚ್ಚು ಗೆಳೆಯರು ಬರಲಿಲ್ಲ. ನನ್ನ ಈ ಗುಣ ಕಂಡು ಖುಷಿಪಟ್ಟ ಮೊದಲ ಮೇಲಧಿಕಾರಿ ಇವರು. ಕೊನೆಯವರೂ ಇವರೇ ಇರಬಹುದು.

ಅವರ ಸಿದ್ಧಾಂತ ಒಂದೇ ಸಾಲಿನದು: "ಕೆಲಸ ಮನಷ್ಯಾ ಮಾಡೂದಿಲ್ರಿ, ಅವ ಕುಂತ ಜಾಗಾ ಮಾಡ್ತದ." ಮನುಷ್ಯ ಸೋಮಾರಿ ಎಂಬುದನ್ನೇ ಅವರು ನಂಬುತ್ತಿರಲಿಲ್ಲ. ಸೋಮಾರಿ ಎನಿಸಿದವನ ಹತ್ತಿರ ಒಂದು ಕಿರಗುಟ್ಟುವ ಫ್ಯಾನೋ, ಕುಂಟುವ ಮೇಜೋ, ಕಣ್ಣಿಗೆ ಹೊಡೆಯುವ ಬಿಸಿಲೋ ಇದ್ದೇ ಇರುತ್ತದೆ, ಹುಡುಕಬೇಕು ಅಷ್ಟೇ ಎನ್ನುತ್ತಿದ್ದರು. ಇದರಲ್ಲಿ ತೂತು ಹುಡುಕಲು ಚರ್ಚಾಪಟುವೇ ಬೇಕಿಲ್ಲ. ಒಂದೇ ಫ್ಯಾನಿನ ಕೆಳಗೆ ಒಬ್ಬ ದುಡಿಯುತ್ತಾನೆ, ಇನ್ನೊಬ್ಬ ತೂಕಡಿಸುತ್ತಾನೆ. ಫ್ಯಾನಿನ ತಪ್ಪೇನು? ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಮನಸ್ಸಿದ್ದರೆ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು ಎಂದು ನಮಗೆ ಉಪದೇಶ ಮಾಡಿದವರನ್ನೆಲ್ಲ ನಾನು ಗಮನಿಸಿದ್ದೇನೆ. ಅವರೆಲ್ಲ ಆ ಮಾತನ್ನು ಏಸಿ ಇರುವ ಕೋಣೆಯಲ್ಲಿ ಕೂತೇ ಹೇಳಿದ್ದು.

ನಾನು ಕೆಲಸಕ್ಕೆ ಸೇರಿದ ದಿನ ಅವರು ನನ್ನ ಕುರ್ಚಿಯಲ್ಲಿ ಕೂತಿದ್ದರು. ಗಿಡ್ಡ ಆಳು, ದುಂಡು ಮುಖ, ತೋಳು ಮಡಚಿದ ಬಿಳಿ ಅಂಗಿ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿ ಕಣ್ಣು ಮುಚ್ಚಿದ್ದರು. ನಾನು ಯಾರೋ ಪೂಜೆಗೆ ಕೂತಿದ್ದಾರೆ ಅಂದುಕೊಂಡೆ.

"ಸರ್, ನಾನು ಹೊಸದಾಗಿ..."

"ಗೊತ್ತದ. ನಿಮ್ಮ ಕುರ್ಚಿ ನೋಡಾಕತ್ತೇನಿ. ಅಲ್ಲಿತನಕ ನೀವು ನನ್ನ ಕುರ್ಚಿ ಮ್ಯಾಲ ಕುಂದರ್ರಿ."

ತಮಾಷೆ ಎಂದು ನಿಂತೇ ಇದ್ದೆ. ಕಣ್ಣು ತೆರೆಯದೆಯೇ ಕೈಯಿಂದ ಒಳಕೋಣೆ ತೋರಿಸಿದರು. ಹೋಗಿ ಕೂತೆ. ಬೆನ್ನಿಗೆ ಎತ್ತರದ ಒರಗು, ಅದರ ಮೇಲೆ ಬಿಳಿ ಟವೆಲ್. ಕೂತು ಮೈ ಹಗುರ ಮಾಡಿಕೊಳ್ಳುವಷ್ಟರಲ್ಲಿ ಒಬ್ಬ ರೈತರು ಬಂದು ಕೈಮುಗಿದು, ತಮ್ಮ ಮಗಳ ಪ್ರಮಾಣ ಪತ್ರ ಇನ್ನೂ ಬಂದಿಲ್ಲ, ಕಾಲೇಜಿನವರು ಕೇಳುತ್ತಿದ್ದಾರೆ ಎಂದರು. ನಾನು ಹಿಂದಕ್ಕೆ ಒರಗಿ, "ನೋಡೂಣು," ಅಂದೆ.

ಹೊರಗಿನಿಂದ ನಗು ಕೇಳಿತು. ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಮೊದಲು ಆ ರೈತರ ಕೆಲಸ ಏನೆಂದು ವಿಚಾರಿಸಿ, ಅವರನ್ನು ಕಿಟಕಿಗೆ ಕರೆದೊಯ್ದು ಬಿಟ್ಟು ಬಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಡಿದ್ರೇನು? ನೀವು ಬಂದು ಒಂದ್ ಚಹಾ ಸೈತ ಆಗಿಲ್ಲ. ಆಗಲೇ ‘ನೋಡೂಣು’ ಅಂತೀರಿ. ಯಾರು ಕಲಿಸಿದ್ರು ನಿಮಗ? ಕುರ್ಚಿ ಕಲಿಸ್ತು."

"ಒಂದು ಉದಾಹರಣೆ ಇಟ್ಕೊಂಡು ಸಿದ್ಧಾಂತ ಕಟ್ಟಲಿಕ್ಕೆ ಬರೂದಿಲ್ಲ ಸರ್."

ಅವರು ತಲೆಯಿಂದ ಕಾಲಿನವರೆಗೆ ನನ್ನನ್ನು ನೋಡಿದರು. "ನೀವು ವಕೀಲ್ರೇನ್ರಿ?"

"ಅಲ್ರಿ ಸರ್."

"ಇರ್ಲಿ. ನಮ್ಮಲ್ಲಿ ಒಬ್ರು ಬೇಕಾಗಿತ್ತು."

ಅಂದಿನಿಂದ ಕಚೇರಿಯಲ್ಲಿ ನಾನು ವಕೀಲ. ಅವರಿಗೆ ಮೊದಲೇ ಕುರ್ಚಿ ಸಾಹೇಬ್ರು ಎಂಬ ಹೆಸರಿತ್ತು. ಯಾವ ಊರಿಗೆ ವರ್ಗವಾದರೂ ಮೊದಲ ದಿನ ತಮ್ಮ ಕುರ್ಚಿಯಲ್ಲಿ ಕೂರುವುದಿಲ್ಲ; ಉಳಿದ ಎಲ್ಲರ ಕುರ್ಚಿಯಲ್ಲೂ ಸರದಿಯಂತೆ ಕೂತು ಏಳುತ್ತಾರೆ. ಹೆಗಲಲ್ಲಿ ಒಂದು ಬಟ್ಟೆಯ ಚೀಲ. ಅದರಲ್ಲಿ ಫೈಲಿಲ್ಲ. ಸ್ಕ್ರೂ ಡ್ರೈವರು, ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ಬಾಟಲಿ, ಒಂದು ಸುತ್ತು ಹುರಿ, ಕುಂಟುವ ಮೇಜುಗಳ ಕಾಲ ಕೆಳಗೆ ತುರುಕಲು ಮಡಚಿದ ರಟ್ಟಿನ ಚೂರುಗಳು. ಮೇಲಿನ ಅಧಿಕಾರಿಗಳು ತಪಾಸಣೆಗೆ ಬಂದಾಗ ಇವರು ಎಷ್ಟೋ ಸಲ ಸ್ಟೂಲಿನ ಮೇಲೆ ನಿಂತು ಫ್ಯಾನಿಗೆ ಎಣ್ಣೆ ಬಿಡುತ್ತಿರುತ್ತಿದ್ದರು. ಮೇಲಿನಿಂದಲೇ ನಮಸ್ಕಾರ ಹೇಳುತ್ತಿದ್ದರು.

ಸಿದ್ಧಾಂತಕ್ಕೆ ಅವರು ಕೊಡುತ್ತಿದ್ದ ಆಧಾರಗಳೆಲ್ಲ ಹಿಂದಿನ ಊರುಗಳ ಕತೆಗಳು. ಸಂಜೆ ಕಿಟಕಿ ಮುಚ್ಚಿದ ಮೇಲೆ ಚಹಾ ಬರುತ್ತಿತ್ತು, ಚಹಾದ ಜೊತೆ ಕತೆ ಬರುತ್ತಿತ್ತು. ಆಳಂದದ ಕತೆ ನನಗೆ ಬಹಳ ಇಷ್ಟ, ಯಾಕೆಂದರೆ ಅದರಲ್ಲಿ ಅವರು ಸೋಲುತ್ತಾರೆ.

ಮೊದಲ ಬಾರಿ ಕಚೇರಿಯ ಮುಖ್ಯಸ್ಥರಾಗಿ ಆಳಂದಕ್ಕೆ ಹೋದಾಗ ಸಾಹೇಬರ ಕೋಣೆಗೂ ಸಿಬ್ಬಂದಿಗೂ ನಡುವೆ ಪ್ಲೈವುಡ್ಡಿನ ಅಡ್ಡಗೋಡೆ ಇತ್ತಂತೆ. ಇದೇನಿದು ಅರಸರ ಕಾಲದ ಹಾಗೆ ಎಂದು ಇವರು ಅದನ್ನು ಕೀಳಿಸಿ ಹಾಕಿದರು. ಎಲ್ಲರೂ ಒಂದೇ ಹಾಲಿನಲ್ಲಿ, ಗಾಳಿ ಬೆಳಕು ಸರಾಗ. ಸಿಬ್ಬಂದಿಯೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತರು. ಕೆಲಸ ಮಾತ್ರ ಅರ್ಧಕ್ಕಿಳಿಯಿತು. ಯಾವಾಗ ನೋಡಿದರೂ ಎರಡು ಮೂರು ಕುರ್ಚಿ ಖಾಲಿ, ಮಂದಿಯೆಲ್ಲ ಎದುರಿನ ಚಹಾದಂಗಡಿಯಲ್ಲಿ. ಒಂದು ದಿನ ಇವರು ಅಂಗಡಿಯವನನ್ನೇ ಕೇಳಿದರು.

"ನಮ್ಮ ಮಂದಿ ಇಲ್ಲಿ ಬಂದು ಅಷ್ಟೊತ್ತು ಏನ್ ಮಾತಾಡ್ತಾರಪಾ?"

"ನಿಮ್ಮನ್ನೇ ಬೈತಾರ್ರಿ ಸಾಹೇಬ್ರ. ಇನ್ನೇನ್ ಮಾತಾಡ್ತಾರ."

"ಮೊದಲ ಬೈತಿದ್ದಿಲ್ಲೇನು?"

"ಮೊದಲ ಒಳಗೇ ಬೈಕೋತಿದ್ರು. ಅಡ್ಡ ಗ್ವಾಡಿ ಇತ್ತಲ್ರಿ."

ಮರುದಿನವೇ ಬಡಿಗೇರನನ್ನು ಕರೆಸಿ ಅಡ್ಡಗೋಡೆ ಮತ್ತೆ ಹಾಕಿಸಿದರಂತೆ. "ಮಂದಿಗೆ ಸಾಹೇಬನ್ನ ಬೈಲಿಕ್ಕ ಒಂದ್ ಜಾಗಾ ಬೇಕ್ರಿ," ಎಂದು ಅವರು ಈ ಕತೆ ಮುಗಿಸುತ್ತಿದ್ದರು. "ಅದು ಕಚೇರಿ ಒಳಗೇ ಬೇಕು. ಕುರ್ಚಿ ಬಿಟ್ಟು ಏಳದಂಗ ಬೈಲಿಕ್ಕ ಬರಬೇಕು."

"ಬೈಸ್ಕೊಳ್ಳಲಾರದಂಥ ಸಾಹೇಬ ಇದ್ರ ಗ್ವಾಡಿನೇ ಬ್ಯಾಡಲ್ರಿ ಸರ್."

"ಅಂಥವ ಸಿಕ್ರ ಇನ್ನಾ ಜೋರ್ ಬೈತಾರ. ಬೈಲಿಕ್ಕ ಏನೂ ಸಿಗವಲ್ದು ಅಂತ."

ಅಫಜಲಪುರದಲ್ಲಿ ಗೋಡೆ ಗಡಿಯಾರದ ಜೊತೆ ಜಗಳ. ಅದು ಸಿಬ್ಬಂದಿಯ ಕಣ್ಣೆದುರಿಗೇ ಇತ್ತು. ಮಧ್ಯಾಹ್ನದ ಊಟಕ್ಕೆ ಇನ್ನೂ ಹೊತ್ತಿರುವಾಗಲೇ ಎಲ್ಲರ ಕೈ ನಿಧಾನವಾಗುತ್ತಿತ್ತು. ಸಾಹೇಬರು ಗಡಿಯಾರವನ್ನು ಕಿತ್ತು ಸಿಬ್ಬಂದಿಯ ಬೆನ್ನ ಹಿಂದೆ ಹಾಕಿಸಿದರು. ಈಗ ಹೊತ್ತು ಕಾಣುವುದು ಸಾಲಿನಲ್ಲಿ ನಿಂತ ಜನಕ್ಕೆ, ಒಳಗಿನವರಿಗಲ್ಲ. ಕೆಲವು ದಿನ ಕೆಲಸ ಚೆನ್ನಾಗಿಯೇ ನಡೆಯಿತಂತೆ. ಆಮೇಲೆ ಜನವೇ ಮರುಗತೊಡಗಿದರು. "ಯಣ್ಣಾ, ಊಟದ ಟೈಮ್ ಆತು, ಎದ್ದು ಒಂದ್ ತುತ್ತು ಉಂಡು ಬಾ, ನಾವು ಎಲ್ಲಿ ಹೋಗ್ತೇವಿ," ಎಂದು ಸಾಲಿನಲ್ಲಿದ್ದವರೇ ಎಬ್ಬಿಸಿ ಕಳಿಸುತ್ತಿದ್ದರಂತೆ. ಸಿಬ್ಬಂದಿ ಊಟಕ್ಕೆ ಹೋದರೆ ಜನ ಸಿಟ್ಟಾಗದ ಕಚೇರಿ ಇಡೀ ಜಿಲ್ಲೆಯಲ್ಲಿ ಅದೊಂದೇ ಎಂಬುದು ಇವರ ಹೆಮ್ಮೆ. ಇದರಿಂದ ಸಿದ್ಧಾಂತ ಗೆದ್ದಿತೋ ಸೋತಿತೋ ಎಂದು ನಾನು ಕೇಳಿದೆ. "ಊಟ ಗೆದ್ತು," ಅಂದರು.

ಇನ್ನು ನಮ್ಮ ಜೇವರ್ಗಿಯ ವಿಷಯ. ಇಲ್ಲಿ ನಾನೇ ಸಾಕ್ಷಿ.

ನಮ್ಮಲ್ಲಿ ಮೂರು ಕಿಟಕಿ. ಬಾಗಿಲ ಪಕ್ಕದ ಮೊದಲ ಕಿಟಕಿಯಲ್ಲಿ ಸುಜಾತಕ್ಕ. ನಡುವಿನದರಲ್ಲಿ ಒಬ್ಬ ಹಿರಿಯರು, ನಮ್ಮ ಯಾವ ವಾದಕ್ಕೂ ಬರದೆ ಬಿಸ್ಕೀಟು ತಿನ್ನುತ್ತಾ ಕೆಲಸ ಮಾಡುವವರು. ಒಳಮೂಲೆಯ ಮೂರನೆಯದು ನನ್ನದು. ಮೂರರಲ್ಲೂ ಒಂದೇ ಕೆಲಸ, ಒಂದೇ ಬಗೆಯ ಅರ್ಜಿ. ಸುಜಾತಕ್ಕ ಹತ್ತಿರದ ಹಳ್ಳಿಯ ಬೌದ್ಧ ಮನೆತನದವಳು. ಅಪ್ಪ ಅವ್ವ ಇಬ್ಬರೂ ಕೂಲಿ ಮಾಡಿ ಓದಿಸಿದ್ದರು. ಆ ಮನೆಯಿಂದ ಕಚೇರಿಯೊಳಗೆ ಕುರ್ಚಿ ಹಾಕಿಕೊಂಡು ಕೂತ ಮೊದಲ ಜೀವ ಅವಳು. ಅವಳ ಸಂಬಳದ ಮೇಲೆ ತಂಗಿ ನರ್ಸಿಂಗ್ ಓದುತ್ತಿದ್ದಳು. ಸುಜಾತಕ್ಕ, ನಾನು ಇಬ್ಬರೂ ಗುತ್ತಿಗೆ ನೌಕರರೇ, ಹೊರಗಿನ ಏಜೆನ್ಸಿಯೊಂದರ ಮೂಲಕ ಬಂದವರು. ಅವಳ ಬಾಯಲ್ಲಿ ನಾನು ತಮ್ಮ.

ಸಮಸ್ಯೆ ಎಂದರೆ ಸುಜಾತಕ್ಕನ ಕಿಟಕಿ ನಿಧಾನ. ನಾನು ದಿನಕ್ಕೆ ಮಾಡುವ ಅರ್ಜಿಗಳ ಅರ್ಧದಷ್ಟೂ ಅಲ್ಲಿ ಆಗುತ್ತಿರಲಿಲ್ಲ. ಯಾರು ಎಷ್ಟು ಮಾಡಿದರು ಎಂಬುದು ಕಂಪ್ಯೂಟರಿನಲ್ಲೇ ಕಾಣುತ್ತದೆ, ಏಜೆನ್ಸಿಗೂ ಕಾಣುತ್ತದೆ. ಒಂದು ದಿನ ಏಜೆನ್ಸಿಯ ಮ್ಯಾನೇಜರು ಸಾಹೇಬರಿಗೆ ಫೋನು ಮಾಡಿದ: ಈ ಸಲ ಪ್ರತಿ ಕಚೇರಿಯಲ್ಲೂ ಎಲ್ಲರಿಗಿಂತ ನಿಧಾನದವರನ್ನು ತೆಗೆದು ಹೊಸಬರನ್ನು ಹಾಕುತ್ತೇವೆ, ನಿಮ್ಮಲ್ಲಿ ಮೊದಲ ಕಿಟಕಿಯವರು ಹೋಗಬೇಕು, ಮುಂದಿನ ವಾರ ಬಂದು ಮುಗಿಸುತ್ತೇನೆ.

ಸಾಹೇಬರು ಚೀಲ ಹೆಗಲಿಗೇರಿಸಿ ಎದ್ದರು. ಸುಜಾತಕ್ಕನ ಕುರ್ಚಿಯಲ್ಲಿ ಕೂತು, ಅಂಗೈ ಊರಿ, ಕಣ್ಣು ಮುಚ್ಚಿ, ತೆರೆದು, ತೀರ್ಪು ಕೊಟ್ಟರು: ಬಿಸಿಲು. ಮಧ್ಯಾಹ್ನದ ಮೇಲೆ ಬಾಗಿಲಿನಿಂದ ನೇರವಾಗಿ ಮುಖಕ್ಕೆ ಹೊಡೆಯುತ್ತದೆ, ಪರದೆ ಕಾಣುವುದಿಲ್ಲ, ಕಣ್ಣು ದಣಿಯುತ್ತದೆ. ಮರುದಿನ ಬಾಗಿಲಿಗೆ ನೀರಲ್ಲಿ ನೆನೆಸಿದ ಗೋಣಿಚೀಲ ಕಟ್ಟಿದರು. ತಂಪೇನೋ ಆಯಿತು. ಮೂರನೆಯ ದಿನ ಒಂದು ಆಡು ಬಂದು ಅದರ ತುದಿಯನ್ನು ಅಗಿಯತೊಡಗಿತು. ಸಾಲಿನಲ್ಲಿದ್ದವರು ಅದನ್ನು ಓಡಿಸುವುದು, ಅದು ಮತ್ತೆ ಬರುವುದು. ಸುಜಾತಕ್ಕನ ಅರ್ಜಿಗಳ ಸಂಖ್ಯೆ ಮಾತ್ರ ಕದಲಲಿಲ್ಲ.

"ಸಿದ್ಧಾಂತ ಬಿತ್ತಲ್ರಿ ಸರ್," ಅಂದೆ.

"ಬಿತ್ತು. ನಿಮ್ಮ ಸಿದ್ಧಾಂತ ಏನದ ಹೇಳ್ರಿ."

"ಅಕ್ಕನ ಕೈ ನಿಧಾನ. ಸಿಟ್ಟಾಗಬ್ಯಾಡ ಅಕ್ಕಾ, ವಾದಕ್ಕಂತ ಹೇಳಾಕತ್ತೇನಿ."

ಸುಜಾತಕ್ಕ ತಲೆ ಎತ್ತಲಿಲ್ಲ. "ನನ್ನ ಕೈ ನಿಧಾನ ಇಲ್ಲ ತಮ್ಮಾ. ನನ್ನ ಕಿವಿಗೆ ಫುರಸತ್ತಿಲ್ಲ."

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ?"

"ಹೇಳಿದ್ರ ನೆವ ಹೇಳ್ತಾಳ ಅಂತಿದ್ದಿ. ನಿನ್ನ ಜೋಡಿ ಯಾರು ವಾದ ಮಾಡ್ತಾರ?"

ಸಾಹೇಬರು ನಮ್ಮಿಬ್ಬರನ್ನೂ ನೋಡಿದರು. "ವಾದ ಬ್ಯಾಡ. ನಾಳಿ ನೀವು ಆಕಿ ಕುರ್ಚಿ ಮ್ಯಾಲ. ಆಕಿ ನಿಮ್ಮ ಕುರ್ಚಿ ಮ್ಯಾಲ."

ಒಪ್ಪಿದೆ, ಆದರೆ ಷರತ್ತು ಹಾಕಿ. ಗೋಣಿಚೀಲ ಹಾಗೇ ಇರಬೇಕು, ಕಂಪ್ಯೂಟರ್ ಬದಲಾಗಬಾರದು, ಸುಲಭದ ಅರ್ಜಿ ಆರಿಸಿ ಅಕ್ಕನಿಗೆ ಕಳಿಸಬಾರದು. ಎಲ್ಲದಕ್ಕೂ ಹೂಂ ಅಂದರು. ಆಡಿಗೂ ಷರತ್ತು ಹಾಕ್ತೀರೇನು ಎಂದು ಕೇಳಿದರು.

ಮರುದಿನ ಮೊದಲ ಅರ್ಜಿ ಕೈಗೆ ತೆಗೆದುಕೊಂಡೆ. ಹೆಸರು ಟೈಪು ಮಾಡುವಷ್ಟರಲ್ಲಿ ಬಾಗಿಲಿನಿಂದ ಒಂದು ತಲೆ ಇಣುಕಿತು.

"ತಮ್ಮಾ, ಸಾಹೇಬ್ರು ಬಂದಾರೇನು?"

"ಒಳಗದಾರ."

"ಒಳಗಂದ್ರ ಎಲ್ಲಿ?"

ತೋರಿಸಿದೆ. ಮತ್ತೆ ಹೆಸರಿಗೆ ಬಂದೆ.

"ನೀರು ಎಲ್ಲದಾವ್ರಿ?" "ಕಲಬುರಗಿ ಬಸ್ ಹೋತೇನ್ರಿ?" "ಪೆನ್ ಅದ ಏನ್ರಿ?" "ಇದು ಅದೇ ಆಫೀಸೇನ್ರಿ?"

"ಯಾವ ಆಫೀಸು?"

"ನಮ್ಮ ಅಳಿಯ ಹೇಳಿದ್ದು."

ಒಬ್ಬ ಆಟೋದವನು ಹಸಿಮೆಣಸಿನಕಾಯಿಯ ಚೀಲವನ್ನು ನನ್ನ ಕಾಲಬಳಿ ಇಟ್ಟು, "ಜರಾ ಇರ್ಲಿ ಅಣ್ಣಾ, ಅಕ್ಕ ದಿನಾ ಇಟ್ಕೋತಾಳ," ಎಂದು ಹೋಗಿಯೇಬಿಟ್ಟ. ಒಬ್ಬಳು ತಾಯಿ ಸಹಿ ಮಾಡಲು ಕೈ ಖಾಲಿ ಇಲ್ಲವೆಂದು ಕಿಟಕಿಯ ಮೇಲಿಂದ ಕೂಸನ್ನು ನನ್ನ ಕಡೆ ದಾಟಿಸಿದಳು. ಕೂಸು ನನ್ನ ಕೀಬೋರ್ಡಿನ ಮೇಲೆ ಕಾಲಿಟ್ಟು ಯಾರದೋ ಅಪ್ಪನ ಹೆಸರಿನ ಮುಂದೆ ಒಂದು ಸಾಲು ಅಕ್ಷರ ಬರೆಯಿತು.

ಮಧ್ಯಾಹ್ನಕ್ಕೆ ನನ್ನ ಸಹನೆ ಮುಗಿಯಿತು. ಒಬ್ಬ ಮುದುಕರು ಅರ್ಜಿಗೆ ಏನೇನು ಹಚ್ಚಬೇಕು ಎಂದು ಕೇಳಿದಾಗ, "ಅಲ್ಲಿ ಬೋರ್ಡ್ ಮ್ಯಾಲ ಎಲ್ಲಾ ಬರ್ದದ, ಓದ್ಕೊಳ್ರಿ," ಅಂದೆ.

"ಓದ್ಲಿಕ್ಕ ಬಂದಿದ್ರ ನಿನಗ್ಯಾಕ ಕೇಳ್ತಿದ್ದೆ ಹುಚ್ಚಾ?"

"ಜೋಡಿ ಬಂದವರಿಗೆ ಓದ್ಲಿಕ್ಕ ಹೇಳ್ರಿ."

"ಜೋಡಿ ಬಂದವ ಎತ್ತು. ಹೊರಗ ಕಟ್ಟೇನಿ. ಕರೀಲೇನು?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಂತರ ಕಾಲೇಜು ಸ್ಪರ್ಧೆಗಳಲ್ಲೂ ನನಗೆ ಅಂಥ ಎದುರಾಳಿ ಸಿಕ್ಕಿರಲಿಲ್ಲ. ಏನೇನು ಹಚ್ಚಬೇಕೆಂದು ಬಾಯಿಬಿಟ್ಟು ಹೇಳಿದೆ, ಎರಡು ಸಲ.

ಸಂಜೆ ನೋಡಿದರೆ ನನ್ನ ಅರ್ಜಿಗಳು ಸುಜಾತಕ್ಕನ ಅತಿ ಕೆಟ್ಟ ದಿನಕ್ಕಿಂತ ಕಡಿಮೆ. ಅವಳು ನನ್ನ ಮೂಲೆಯಲ್ಲಿ ಕೂತು ನನ್ನ ಒಳ್ಳೆಯ ದಿನವನ್ನೂ ಮೀರಿಸಿ, ಕಿಟಕಿ ಮುಚ್ಚುವ ಮೊದಲೇ ಡಬ್ಬಿ ತೆರೆದು ರೊಟ್ಟಿ ಶೇಂಗಾ ಹಿಂಡಿ ತಿನ್ನುತ್ತಿದ್ದಳು.

"ನಿನ್ನ ಕುರ್ಚಿ ಮ್ಯಾಲ ಭಾಳ ಶಾಂತ ಅದ ತಮ್ಮಾ," ಅಂದಳು. "ನಿದ್ದಿ ಬರ್ತದ."

ಸಾಹೇಬರು ನನ್ನ ಮುಖ ನೋಡುತ್ತಾ ನಿಂತಿದ್ದರು. ನಾನು ಅಷ್ಟು ಸುಲಭಕ್ಕೆ ಬಿಡುವವನಲ್ಲ.

"ಸರ್, ಇದರಿಂದ ನಿಮ್ಮ ಮಾತು ಸಾಬೀತಾಗಲಿಲ್ಲ. ನೀವು ಬಿಸಿಲು ಅಂದಿದ್ರಿ. ಇದು ಬಿಸಿಲಲ್ಲ. ಇಡೀ ಕಚೇರಿ ವಿಚಾರಣೆಯ ಕೆಲಸ ಈ ಕುರ್ಚಿಮ್ಯಾಲ ಬಿದ್ದದ, ಅದು ಯಾವ ಲೆಕ್ಕದಾಗೂ ಬರೂದಿಲ್ಲ."

"ನಾನೂ ಸೋತೆ. ನೀವೂ ಸೋತ್ರಿ. ಆಕಿ ಹೇಳಿದ್ದು ಖರೆ ಆತು," ಅಂದರು ಆರಾಮವಾಗಿ. "ಚಹಾ ತರಸ್ರಿ."

ಏಜೆನ್ಸಿಯ ಮ್ಯಾನೇಜರು ಬರುವ ದಿನಕ್ಕೆ ನಾನು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಸಂಖ್ಯೆಗಳು ಏನನ್ನು ಎಣಿಸುತ್ತವೆ, ಏನನ್ನು ಎಣಿಸುವುದಿಲ್ಲ, ಆತ ಏನು ಕೇಳಬಹುದು, ಅದಕ್ಕೆ ನನ್ನ ಉತ್ತರವೇನು. ಸಾಹೇಬರ ಮುಂದೆ ಒಮ್ಮೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿದರು.

"ಭಾಳ ಛಲೋ ಅದ. ಇದನ್ನ ಹೇಳಬ್ಯಾಡ್ರಿ."

"ಯಾಕ್ರಿ ಸರ್? ಗೆಲ್ತೇನಿ."

"ಅದಕ್ಕೇ ಬ್ಯಾಡ ಅಂತೇನಿ. ನೀವು ಗೆದ್ರ ಅವ ಸೋತು ಎದ್ದು ಹೋಗ್ತಾನ. ಸೋತವರು ಸಹಿ ಮಾಡೂದಿಲ್ಲ ವಕೀಲ್ರ."

ಚರ್ಚಾಸ್ಪರ್ಧೆಯಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ. ಅಲ್ಲಿ ಸೋತವರ ಸಹಿ ಬೇಕಾಗಿರುವುದಿಲ್ಲ.

ಮ್ಯಾನೇಜರು ಬಂದ. ಇಸ್ತ್ರಿ ಅಂಗಿ, ತಲೆಯ ಮೇಲೇರಿಸಿದ ತಂಪು ಕನ್ನಡಕ, ಜೇಬಿನಲ್ಲಿ ಹೊಳೆಯುವ ಪೆನ್ನು. ಸಾಹೇಬರು ಬಾಗಿಲಿಗೇ ಹೋಗಿ ಸ್ವಾಗತಿಸಿದರು. "ಬರ್ರಿ ಬರ್ರಿ. ನನ್ನ ಕೋಣ್ಯಾಗ ಫ್ಯಾನ್ ಬಿಚ್ಚೇನಿ, ಎಣ್ಣಿ ಬಿಡಬೇಕು. ಜರಾ ಇಲ್ಲೇ ಕುಂದರ್ರಿ, ಚಹಾ ತರಸ್ತೇನಿ." ಸುಜಾತಕ್ಕ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ತಂಗಿಯ ಪರೀಕ್ಷೆ ಹತ್ತಿರ ಬಂದಿತ್ತು, ಅದರ ಆಚೆಗೆ ಏನು ಎಂದು ನಾವು ಯಾರೂ ಕೇಳಿರಲಿಲ್ಲ. ಸಾಹೇಬರು ಒಳಗೆ ಹೋದವರು ಬರಲೇ ಇಲ್ಲ.

"ಏನ್ರಿ, ಈ ಅರ್ಜಿಗೆ ಫೋಟೋ ಬೇಕೇನು?" ಎಂದಳು ಒಬ್ಬ ಮುದುಕಿ, ಮ್ಯಾನೇಜರನಿಗೆ.

"ನಾ ಇಲ್ಲಿಯವ ಅಲ್ಲಬೇ."

"ಇಲ್ಲಿಯವ ಅಲ್ಲಂದ್ರ ಇಲ್ಲ್ಯಾಕ ಕುಂತೀದಿ?"

ನಡುವಿನ ಕಿಟಕಿಯ ಹಿರಿಯರು ಬಿಸ್ಕೀಟು ಅಗಿಯುವುದನ್ನು ನಿಲ್ಲಿಸಿ ನೋಡತೊಡಗಿದರು. ಮ್ಯಾನೇಜರು ಅರ್ಜಿ ಇಸಿದುಕೊಂಡು ನೋಡಿದ, ಫೋಟೋ ಬೇಕು ಅಂದ. ಎಲ್ಲಿ ತೆಗೆಸಬೇಕು? ಅವನಿಗೆ ಗೊತ್ತಿಲ್ಲ, ಸುಜಾತಕ್ಕನನ್ನು ಕೇಳಿ ಹೇಳಿದ. ಅಷ್ಟರಲ್ಲಿ ಒಬ್ಬನಿಗೆ ಬಸ್ಸು, ಒಬ್ಬಳಿಗೆ ನೀರು, ಒಬ್ಬನಿಗೆ ಸಾಹೇಬರು. ಒಬ್ಬ ತರುಣ ಅವನ ಜೇಬಿನ ಪೆನ್ನನ್ನೇ ಇಸಿದುಕೊಂಡು ಹೋದ. ಮೆಣಸಿನಕಾಯಿಯ ಆಟೋದವನೂ ಬಂದ, ಚೀಲ ಇಟ್ಟ. ಕೊನೆಗೆ ಮ್ಯಾನೇಜರು ನನ್ನ ಕಡೆ ತಿರುಗಿ ಕೇಳಿದ:

"ಇಲ್ಲಿ ನೀರು ಎಲ್ಲದಾವ್ರಿ?"

ನಾನು ಉತ್ತರ ಕೊಟ್ಟೆ, ಬೇರೆ ಏನನ್ನೂ ಹೇಳಲಿಲ್ಲ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ನಾನು ಇನ್ನಾವ ಭಾಷಣವನ್ನೂ ನುಂಗಿಲ್ಲ.

ಸಾಹೇಬರು ಆಗ ಚಹಾದ ಜೊತೆ ಹೊರಬಂದರು.

"ಸಾಹೇಬ್ರ, ಈ ಕುರ್ಚಿ ಮ್ಯಾಲ ಯಾರ್ ಕುಂತ್ರೂ ಕೆಲಸ ಆಗೂದಿಲ್ಲ ಬಿಡ್ರಿ," ಅಂದ ಮ್ಯಾನೇಜರು, ಹಣೆ ಒರೆಸಿಕೊಳ್ಳುತ್ತಾ.

"ಹೌದೇನ್ರಿ? ನಾವು ಇಷ್ಟ ದಿನ ಆಕಿದೇ ತಪ್ಪು ಅಂತಿದ್ವಿ. ಹಂಗಂತ ಆಕಿ ಹೆಸರಿನ ಮುಂದ ಬರ್ದುಬಿಡ್ರಿ."

ಮ್ಯಾನೇಜರು ಜೇಬು ಮುಟ್ಟಿಕೊಂಡ. "ಪೆನ್ ಕೊಡ್ರಿ. ನಂದು ಯಾರೋ ಒಯ್ದಾರ."

ಸುಜಾತಕ್ಕ ತನ್ನ ಪೆನ್ನು ಕೊಟ್ಟಳು. ಆತ ಹಾಗೆಯೇ ಬರೆದು ಸಹಿ ಹಾಕಿದ. ಅವಳ ಕೆಲಸ ಉಳಿಯಿತು.

ಆಮೇಲೆ ಆ ಪ್ರಶ್ನೆಗಳನ್ನೆಲ್ಲ ಎಲ್ಲಿಗೆ ಕಳಿಸುವುದು? ಬಾಗಿಲ ಪಕ್ಕ ಯಾರು ಕೂತರೂ ಅವರನ್ನೇ ಕೇಳುತ್ತಾರೆ. ಬೇರೆ ಸಿಬ್ಬಂದಿ ಇರಲಿಲ್ಲ. ಒಂದು ವಾರ ಯೋಚಿಸಿ ಸಾಹೇಬರು ತಮ್ಮದೇ ಮೇಜನ್ನು ಬಾಗಿಲ ಹೊರಗೆ, ಪಡಸಾಲೆಗೆ ಹಾಕಿಸಿದರು. ಟವೆಲ್ಲಿನ ಕುರ್ಚಿ ಒಳಗೇ ಉಳಿಯಿತು. ಪ್ಲಾಸ್ಟಿಕ್ ಕುರ್ಚಿ ಹೊರಗೆ ಬಂತು. ಮೇಜಿನ ಕಾಲಿಗೆ ಹುರಿ ಕಟ್ಟಿ, ಹುರಿಗೆ ಪೆನ್ನು ಕಟ್ಟಿದರು. ಪಕ್ಕದಲ್ಲಿ ನೀರಿನ ಗಡಿಗೆ. ಮುಖ್ಯಸ್ಥರು ಬಾಗಿಲು ಕಾಯುವಂತೆ ಕೂರುವುದು ಘನತೆಗೆ ತಕ್ಕದ್ದಲ್ಲ ಎಂದು ನಾನು ಆಕ್ಷೇಪಿಸಿದೆ. "ಘನತೆ ಒಳಗ ಟವೆಲ್ ಹೊದ್ದು ಕುಂತದ, ಅದಕ್ಕೇನೂ ಆಗಿಲ್ಲ," ಅಂದರು. ಖಾಲಿಯಾದ ಒಳಕೋಣೆಯಲ್ಲಿ ನಾವು ಊಟ ಮಾಡತೊಡಗಿದೆವು. ಅಡ್ಡಗೋಡೆ ಇತ್ತು. ಬೈಯಲಿಕ್ಕೂ ಜಾಗವಾಯಿತು.

ಹೊರಗೆ ಕೂತವರೇ ಸಾಹೇಬರು ಎಂದು ಬಂದ ಜನಕ್ಕೆ ಗೊತ್ತೇ ಆಗುತ್ತಿರಲಿಲ್ಲ.

"ಸಾಹೇಬ್ರನ್ನ ಕಾಣಬೇಕಿತ್ತಲ್ಲೋ ಯಪ್ಪಾ."

"ಮೊದಲ ಕೆಲಸ ಹೇಳ್ರಿ. ಆಮ್ಯಾಲ ಇಬ್ರೂ ಕೂಡಿ ಸಾಹೇಬ್ರನ್ನ ಹುಡುಕೂಣು."

ಕೆಲಸ ಹೇಳುತ್ತಿದ್ದರು, ಅಲ್ಲೇ ಸಹಿಯಾಗುತ್ತಿತ್ತು, ಸಾಹೇಬರನ್ನು ಹುಡುಕುವುದನ್ನೇ ಮರೆತು ಬಸ್ಸಿಗೆ ಓಡುತ್ತಿದ್ದರು. ಸುಜಾತಕ್ಕನ ಕಿಟಕಿ ನನ್ನದಕ್ಕೆ ಸರಿಸಮ ಬಂತು. ಕೆಲವು ದಿನ ಮುಂದೆಯೇ ಹೋಗುತ್ತಿತ್ತು, ಅದಕ್ಕೂ ನನ್ನಲ್ಲಿ ವಿವರಣೆಗಳಿವೆ, ಇಲ್ಲಿ ಬೇಡ.

ಅವರನ್ನು ನಾನು ನಿಜವಾಗಿಯೂ ಬಾಯಿ ಮುಚ್ಚಿಸಿದ್ದು ಒಂದೇ ಸಲ. ಒಂದು ಸಂಜೆ ಹೇಳಿದೆ: "ಸರ್, ಫ್ಯಾನು ಕುರ್ಚಿ ಬೆಳಕು ಎಲ್ಲಾ ಖರೆ. ಆದ್ರ ಸುಜಾತಕ್ಕನಿಗೂ ನನಗೂ ವರ್ಷಕ್ಕೊಮ್ಮೆ ಯಾರೋ ಫೋನ್ ಮಾಡಿ ತೆಗೀತೇವಿ ಅಂತಾರ. ಆ ಹೆದರಿಕಿನೂ ನಾವು ಕುಂತ ಜಾಗದಾಗೇ ಅದ. ಅದಕ್ಕ ಯಾವ ಎಣ್ಣಿ ಬಿಡ್ತೀರಿ?"

ಅವರು ಚಹಾದ ಕಪ್ಪನ್ನು ಸುಮ್ಮನೆ ತಿರುಗಿಸಿದರು. "ಅದು ನನ್ನ ಸ್ಕ್ರೂ ಡ್ರೈವರಿಗೆ ಬರೂದಿಲ್ಲ ವಕೀಲ್ರ. ಆ ವಾದಾ ನೀವೇ ಮಾಡ್ರಿ. ಅದನ್ನ ನುಂಗಬ್ಯಾಡ್ರಿ."

ಗೆದ್ದೆ. ಆದರೆ ಅವರ ಮುಖ ನೋಡಬೇಕೆನಿಸಲಿಲ್ಲ.

ನಿವೃತ್ತಿಯ ದಿನ ಒಳಗಿನ ಹಾಲಿನಲ್ಲಿ ಬೀಳ್ಕೊಡುಗೆ ಇಟ್ಟೆವು. ಕಿಟಕಿಗಳು ಬೇಗ ಮುಚ್ಚಿದ್ದವು. ಟವೆಲ್ಲಿನ ಕುರ್ಚಿಗೆ ಸೇವಂತಿಗೆ ಸುತ್ತಿ ಎದುರಿಗೆ ಇಟ್ಟಿದ್ದೆವು. ಶಾಲು, ಹಾರ, ಶೇಂಗಾ ಹೋಳಿಗೆ, ಮಾತಾಡಲು ನಾನು. ಆಳಂದದಿಂದಲೂ ಅಫಜಲಪುರದಿಂದಲೂ ಅವರ ಹಳೆಯ ಸಿಬ್ಬಂದಿ ಬಂದಿದ್ದರು. ಎಲ್ಲರೂ ಇದ್ದರು, ಸಾಹೇಬರೊಬ್ಬರಿಲ್ಲ. ಹೊರಗೆ ಹೋಗಿ ನೋಡಿದರೆ ಪಡಸಾಲೆಯಲ್ಲಿ ಕೂತು ಯಾರಿಗೋ ಅರ್ಜಿ ತುಂಬಿಕೊಡುತ್ತಿದ್ದಾರೆ, ಹಿಂದೆ ಇನ್ನೂ ನಾಲ್ಕಾರು ಜನ.

"ಸರ್, ಎಲ್ಲಾರೂ ಕಾಯಾಕತ್ತಾರ."

"ಇವರೂ ಕಾಯಾಕತ್ತಾರ. ಇವರದು ಬಸ್ ಅದ."

ನಾನು ವಾದಕ್ಕೆ ಬಾಯಿ ತೆರೆಯುವ ಮೊದಲೇ ಸುಜಾತಕ್ಕ ಬಂದು ಅವರ ಮುಂದೆ ನಿಂತಳು.

"ಏಳ್ರಿ ಸರ್. ಈ ಕುರ್ಚಿ ನನಗ ಗೊತ್ತದ."

ಅವರು ಅವಳ ಮುಖವನ್ನು ಒಂದು ಕ್ಷಣ ನೋಡಿ ಎದ್ದರು. ಅವಳು ಕೂತು, ಅವರು ಅರ್ಧಕ್ಕೆ ಬಿಟ್ಟ ಸಾಲಿನಿಂದಲೇ ಅರ್ಜಿ ಮುಂದುವರಿಸಿದಳು. ನಾನು ಒಳಗೆ ಹೋಗಿ ಮೈಕು ಹಿಡಿದೆ. ಹೂವಿನ ಕುರ್ಚಿ ಇನ್ನೂ ಖಾಲಿಯೇ ಇತ್ತು. ನನ್ನ ಹಿಂದೆಯೇ ಒಳಗೆ ಬಂದ ಸಾಹೇಬರು ಎಲ್ಲಿ ಹೋದರೋ ಕಾಣಲಿಲ್ಲ. ಬರುತ್ತಾರೆ ಎಂದು ಮಾತು ಶುರುಮಾಡಿದೆ. ಮೊದಲ ವಾಕ್ಯ ಮುಗಿದಿರಲಿಲ್ಲ, ಹಾಲಿನ ಕೊನೆಯಿಂದ ಗೊತ್ತಿರುವ ದನಿ ಬಂತು.

"ವಕೀಲ್ರ, ಹಿಂದ ಕೇಳ್ಸವಲ್ದು. ಆ ಫ್ಯಾನ್ ಬಂದ್ ಮಾಡ್ರಿ."

ಎಲ್ಲರೂ ತಿರುಗಿ ನೋಡಿದರು. ಫ್ಯಾನು ನಿಂತಿತು. ಆ ನಿಶ್ಶಬ್ದದಲ್ಲಿ ಹೊರಗಿನ ಮಾತು ಸ್ಪಷ್ಟವಾಗಿ ಒಳಗೆ ಕೇಳಿತು.

"ಅವ್ವಾ, ಇಲ್ಲಿ ಸಾಹೇಬ್ರು ಎಲ್ಲದಾರ?"

"ಒಳಗ ಹೋಗ್ರಿ," ಅಂದಳು ಸುಜಾತಕ್ಕ. "ಹೂವಿನ ಕುರ್ಚಿ ಮ್ಯಾಲ ನೋಡಬ್ಯಾಡ್ರಿ. ಎಲ್ಲಾರಕ್ಕಿಂತ ಹಿಂದಿನ ಕುರ್ಚಿ ಮ್ಯಾಲ ಯಾರ್ ಕುಂತಾರ ನೋಡ್ರಿ, ಅವರೇ."